ಅಜಯನ ಹಾರ್ಡ್ ಡಿಸ್ಕ್

ಗಂಡಸರ ಕೈಗೆ ಹಳೆಯ ಸಾಮಾನು ಸಿಕ್ಕಿತೆಂದರೆ ಆ ದಿನದ ಕೆಲಸ ಕೆಟ್ಟ ಹಾಗೆಯೇ. ಅಟ್ಟ ಖಾಲಿ ಮಾಡುತ್ತೇವೆಂದು ಭಾನುವಾರ ಬೆಳಿಗ್ಗೆ ಬಂದ ವೆಂಕಟ್ರಮಣಣ್ಣ ಮತ್ತು ಭಾಸ್ಕರ ಊಟದ ಹೊತ್ತಾದರೂ ಒಂದೇ ಒಂದು ಮಾನಿಟರನ್ನೂ ಕೆಳಗಿಳಿಸಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಧೂಳು ಹೊಡೆದವಳು ನಾನು. ಅವರಿಬ್ಬರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನರೆತ ಮೀಸೆಗೆ ಜೇಡರ ಬಲೆ ಮೆತ್ತಿಕೊಂಡು, ಒಂದೊಂದೇ ಕಾರ್ಡನ್ನು ಬೆಳಕಿಗೆ ಹಿಡಿದು "ಇದು ನೆನಪದ್ಯಾ?" ಎಂದು ಕೇಳಿಕೊಳ್ಳುತ್ತಿದ್ದರು.

ಕುಮಟಾ ಪೇಟೆಯ ಒಂದು ಕಿರಾಣಿ ಅಂಗಡಿಯ ಮಹಡಿಯಲ್ಲಿ ನಮ್ಮ ಕಂಪ್ಯೂಟರ್ ಅಂಗಡಿ ಇತ್ತು. ಇಂಟರ್ನೆಟ್ ಎಂಬುದು ಟೆಲಿಫೋನ್ ತಂತಿಯೊಳಗೆ ಕಿರುಚಿಕೊಂಡು ಬರುತ್ತಿದ್ದ ಕಾಲ ಅದು. ವೆಂಕಟ್ರಮಣಣ್ಣ ಮಾಲೀಕ. ಭಾಸ್ಕರ ನೆಟ್‌ವರ್ಕಿನ ಕೆಲಸ ನೋಡುತ್ತಿದ್ದ. ನಾನು, ಮಾಲಿನಿ, ಮುಂದಿನ ಮೇಜಿನಲ್ಲಿ ಕೂತು ಟೈಪು ಮಾಡುವುದು, ಗಿರಾಕಿಗಳ ಬೈಗುಳ ಕೇಳುವುದು, ಸಂಜೆ ಹುಡುಗಿಯರಿಗೆ ಕಂಪ್ಯೂಟರ್ ಕಲಿಸುವುದು, ಎಲ್ಲವನ್ನೂ ಮಾಡುತ್ತಿದ್ದೆ. ಅಂಗಡಿ ಮುಚ್ಚಿ ವರ್ಷಗಳೇ ಆದವು. ವೆಂಕಟ್ರಮಣಣ್ಣ ಈಗ ಊರಿನ ಅಂಗಡಿಗಳಿಗೆಲ್ಲ ಸಿಸಿ ಕ್ಯಾಮೆರಾ ಹಾಕುತ್ತಾನೆ, ಭಾಸ್ಕರ ಹೊನ್ನಾವರದಿಂದ ಭಟ್ಕಳದವರೆಗೆ ಫೈಬರ್ ಕೇಬಲ್ ಎಳೆಸುತ್ತಾನೆ, ನಾನು ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಕಟ್ಟಡ ಕೆಡವುತ್ತಾರೆ, ಚೌತಿಯೊಳಗೆ ಅಟ್ಟದ ಸಾಮಾನು ತೆಗೆಯಿರಿ ಎಂದು ಕಟ್ಟಡದ ಧಣಿ ಹೇಳಿ ಕಳಿಸಿದ್ದರಿಂದ ಮೂವರೂ ಮತ್ತೆ ಒಂದೇ ಕೋಣೆಯಲ್ಲಿ ಸೇರಿದ್ದೆವು.

"ಆ ಹೊನ್ನಾವರದ ಆಫೀಸು ನೆನಪದ್ಯಾ ವೆಂಕಟ್ರಮಣಣ್ಣಾ? ಒಂದೇ ದಪ್ಪ ಕೇಬಲ್ಲು, ಅದ್ರಾಗೇ ಎಲ್ಲಾ ಕಂಪ್ಯೂಟರು ಪೋಣ್ಸಿಟ್ಟದ್ದು. ತುದಿಯ ಒಂದು ಮುಚ್ಳ ಸಡಿಲ ಆದ್ರೆ ಇಡೀ ಆಫೀಸು ಠಪ್!" ಎಂದ ಭಾಸ್ಕರ.

"ಸಡಿಲ ಆದದ್ದಲ್ಲ ಮಾರಾಯಾ, ಕಸ ಗುಡ್ಸುವವಳ ಪೊರಕೆ ತಾಗಿ ಬಿದ್ದದ್ದು. ನೀ ಎರಡು ದಿವ್ಸ ಮೇಜಿನ ಅಡಿಗೆ ಹೊರಳಾಡ್ದೆ."

ಹೀಗೆ ಶುರುವಾದರೆ ನಿಲ್ಲುವುದೇ ಇಲ್ಲ. ಮಳೆಗಾಲದಲ್ಲಿ ಫ್ಲಾಪಿಗಳಿಗೆ ಬೂಸುರು ಹಿಡಿಯದಿರಲೆಂದು ಕಪಾಟಿನೊಳಗೆ ಹಗಲೂ ರಾತ್ರಿ ಬಲ್ಬು ಉರಿಸಿಡುತ್ತಿದ್ದದ್ದು, ಕಂಪ್ಯೂಟರ್ ಚಾಲೂ ಆಗದಿದ್ದರೆ ಮೆಮೊರಿಯ ಪಟ್ಟಿ ತೆಗೆದು ಶಾಲೆ ಮಕ್ಕಳ ರಬ್ಬರಿನಿಂದ ಉಜ್ಜಿ ಕೂರಿಸುತ್ತಿದ್ದದ್ದು, ಪ್ರಿಂಟರಿನ ರಿಬ್ಬನ್ನಿಗೆ ಮತ್ತೆ ಮತ್ತೆ ಶಾಯಿ ಬಳಿದು ಗಿರಾಕಿಗೆ ಹೊಸದೆಂದು ಕೊಡುತ್ತಿದ್ದದ್ದು. ನಾನು ಬೈಯುತ್ತಾ ಬೈಯುತ್ತಾ ಪೊರಕೆ ಕೆಳಗಿಟ್ಟು ಕೂತೇಬಿಟ್ಟೆ. ಆ ದಿನಗಳಲ್ಲಿ ನಾವು ಊರಿಗೆ ಬೇಕಾದವರಾಗಿದ್ದೆವು. ಈಗ ಫೋನಿನಲ್ಲಿ ನೆಟ್ ಬರದಿದ್ದರೆ ಜನ ಯಾವುದೋ ಊರಿನ ಯಾರಿಗೋ ಬೈಯುತ್ತಾರೆ, ನಮ್ಮನ್ನು ಕೇಳುವವರಿಲ್ಲ. ಹಳೆಯ ಮಾತು ಆಡುವಾಗ ಹೊಟ್ಟೆಯಲ್ಲಿ ಒಂದು ಸುಖ ಆಗುತ್ತದೆ, ಸುಳ್ಳೇಕೆ ಹೇಳಲಿ.

ಅಂಗಡಿಯಲ್ಲಿ ನಾಲ್ಕನೆಯವನೊಬ್ಬನಿದ್ದ, ಅಜಯ. ಮುರ್ಡೇಶ್ವರದವನು. ತಾಯಿ ನಾಗಮ್ಮ ಮೀನು ಮಾರಿ ಅವನನ್ನು ಐಟಿಐ ಓದಿಸಿದ್ದರು. ಕಂಪ್ಯೂಟರ್ ಬಿಚ್ಚಿ ಜೋಡಿಸುವುದರಲ್ಲಿ ಅವನ ಕೈ ನಮಗೆ ಯಾರಿಗೂ ಬರಲಿಲ್ಲ, ಬಾಯಿಯೂ ಅಷ್ಟೇ. ಒಂದು ಸಂಜೆ ಸಂತೆಗುಳಿಯ ಕೆಲಸ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟವನಿಗೆ ಹೊನ್ನಾವರ ದಾಟಿದ ಮೇಲೆ ಲಾರಿ ಬಡಿಯಿತು. ಮದುವೆಗೆ ಹುಡುಗಿ ನೋಡುತ್ತಿದ್ದರು ಆಗ. ಇಪ್ಪತ್ತು ವರ್ಷವಾಯಿತು. ಅವನ ಹೆಸರು ಬಂದಾಗಲೆಲ್ಲ ನಾವು ಮಾತು ಬದಲಿಸುತ್ತಿದ್ದೆವು.

ಆ ದಿನ ಬದಲಿಸಲಾಗಲಿಲ್ಲ. ಗೋಣಿಚೀಲದ ಕೆಳಗೆ ಅವನದೇ ಕಂಪ್ಯೂಟರ್ ಸಿಕ್ಕಿತು. ಅಲ್ಲಿ ಇಲ್ಲಿ ಉಳಿದ ಭಾಗಗಳನ್ನು ಸೇರಿಸಿ ಅಜಯ ತನಗೆಂದು ಕಟ್ಟಿಕೊಂಡಿದ್ದ ಯಂತ್ರ. ಪೆಟ್ಟಿಗೆಯ ಒಂದು ಬದಿಗೆ ಮುಚ್ಚಳವೇ ಇರಲಿಲ್ಲ. ವೆಂಕಟ್ರಮಣಣ್ಣ ಅದರ ಮೇಲೆ ಕೈಯಿಟ್ಟ. ಆಮೇಲೆ "ಅವ್ನ ಅಮ್ಮಂಗೆ ಹೇಳ್ಬೇಕಲ್ಲಾ" ಎಂದ. ಗುಜರಿಗೆ ಹಾಕುವ ಮೊದಲು ಹೆತ್ತವಳನ್ನು ಒಂದು ಮಾತು ಕೇಳಬೇಕೆಂದು ನನಗೂ ಅನ್ನಿಸಿತು. ನಾನೇ ಫೋನು ಮಾಡಿದೆ.

ಮಾರನೆಯ ಭಾನುವಾರ ನಾಗಮ್ಮ ಬಸ್ಸಿನಲ್ಲಿ ಬಂದರು. ಎಪ್ಪತ್ತು ದಾಟಿದೆ, ಮೊಣಕಾಲು ಬಗ್ಗುವುದಿಲ್ಲ, ಆದರೂ ಮಹಡಿಯ ಮೆಟ್ಟಿಲನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಮಗನ ಯಂತ್ರವನ್ನು ನೋಡಿ ಅಳಲಿಲ್ಲ. ಸೆರಗಿನಿಂದ ಅದರ ಮುಂಭಾಗ ಒರೆಸಿದರು, ಅಷ್ಟೇ.

"ಇದ್ರಾಗೆ ಎಂತ ಅದೆ?" ಎಂದು ಕೇಳಿದರು.

ಎಂತದೂ ಇಲ್ಲ, ಹಳೇ ಸಾಮಾನು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಭಾಸ್ಕರನ ನಾಲಿಗೆ ನಿಲ್ಲಬೇಕಲ್ಲ. "ಅಜಯನ ಸ್ವರ ಇರ್ಬೇಕು ಅಮ್ಮಾ ಇದ್ರಾಗೆ" ಎಂದುಬಿಟ್ಟ.

ಅವನು ಹೇಳಿದ್ದು ಸುಳ್ಳಲ್ಲ. ಜೋಡಿಸಿದ ಪ್ರತಿ ಯಂತ್ರಕ್ಕೂ ಮೈಕು ಸಿಕ್ಕಿಸಿ, ಏನಾದರೂ ಮಾತಾಡಿ, ಅದನ್ನು ತಿರುಗಿ ಕೇಳಿ, ಶಬ್ದ ಸರಿಯಾಗಿದೆ ಎಂದಾದ ಮೇಲೆಯೇ ಗಿರಾಕಿಗೆ ಕೊಡುವುದು ನಮ್ಮ ಅಂಗಡಿಯ ಕ್ರಮ. ಧ್ವನಿ ಮುದ್ರಿಸುವ ಆಗಿನ ಪ್ರೋಗ್ರಾಮಿನಲ್ಲಿ ಒಂದು ನಿಮಿಷದ ಮಾತು ಹಿಡಿಯುತ್ತಿತ್ತು. ನಾವೆಲ್ಲ "ಹಲೋ, ಹಲೋ" ಎಂದು ಮುಗಿಸುತ್ತಿದ್ದೆವು. ಅಜಯ ಮಾತ್ರ ಆ ಒಂದು ನಿಮಿಷವನ್ನು ಪೂರ್ತಿ ವಸೂಲು ಮಾಡುತ್ತಿದ್ದ. ಬೆಳಿಗ್ಗೆ ಅಮ್ಮ ಮಾಡಿದ ಬಂಗಡೆ ಸಾರು, ಬಸ್ಸಿನಲ್ಲಿ ಸೀಟಿಗಾಗಿ ನಡೆದ ಜಗಳ, ವೆಂಕಟ್ರಮಣಣ್ಣನ ಜಿಪುಣತನ, ಬಾಯಿಗೆ ಬಂದದ್ದೆಲ್ಲ ಅದಕ್ಕೇ. ಗಿರಾಕಿಯ ಯಂತ್ರದಿಂದ ಅಳಿಸುವ ಮೊದಲು ಚೆನ್ನಾಗಿ ಬಂದದ್ದನ್ನು ತನ್ನ ಯಂತ್ರಕ್ಕೆ ಹಾಕಿಕೊಳ್ಳುತ್ತಿದ್ದ. ಮುದುಕನಾದ ಮೇಲೆ ಕೂತು ಕೇಳಲಿಕ್ಕೆ ಎನ್ನುತ್ತಿದ್ದ.

ನಾಗಮ್ಮ ಭಾಸ್ಕರನ ಮುಖವನ್ನೇ ನೋಡಿದರು. "ಅವ್ನ ಸ್ವರವಾ?"

"ಹೌದು ಅಮ್ಮಾ."

ಅವರು ಹತ್ತಿರದ ಕುರ್ಚಿ ಹಿಡಿದು ಕೂತರು. "ಮೋರೆ ಫೋಟೋದಾಗೆ ಅದೆ, ದಿನಾ ಕಾಣ್ತೆ. ಸ್ವರ ಮರ್ತು ಹೋತು ಮಗಾ ನಂಗೆ. ಮೊದ್ಲೆಲ್ಲಾ ಕಣ್ಣು ಮುಚ್ಚಿರೆ ಅಮ್ಮಾ ಅಂದದ್ದು ಕೇಳ್ತಿತ್ತು. ಈಗ ಅಮ್ಮಾ ಅಂತದೆ, ಆದ್ರೆ ಅದು ಅವ್ನ ಸ್ವರ ಅಲ್ಲ. ಯಾರದ್ದೋ. ಹೆತ್ತವ್ಳಿಗೇ ಮರ್ತು ಹೋದ್ರೆ ಹೆಂಗೆ? ಒಂದೇ ಒಂದ್ಸಲ ಕೇಳ್ಸು ಬಾಸ್ಕರಾ. ಸಾಯೂದ್ರೊಳಗೆ ಒಂದ್ಸಲ."

ಆಗಿನ ಕಾಲಕ್ಕೆ ನಮ್ಮ ಯಾರ ಹತ್ತಿರವೂ ಮಾತು ಹಿಡಿದಿಡುವ ಫೋನು ಇರಲಿಲ್ಲ. ಅಜಯ ಹುಟ್ಟಿ, ಬೆಳೆದು, ಅಷ್ಟೆಲ್ಲ ಮಾತಾಡಿ ಹೋದದ್ದಕ್ಕೆ ಜಗತ್ತಿನಲ್ಲಿ ಉಳಿದದ್ದು ಆ ಪೆಟ್ಟಿಗೆಯೊಳಗಿನ ಹಾರ್ಡ್ ಡಿಸ್ಕ್ ಒಂದೇ. ಇದನ್ನು ನಾವು ಇಪ್ಪತ್ತು ವರ್ಷ ಗೋಣಿಚೀಲದ ಅಡಿಯಲ್ಲಿ ಇಟ್ಟಿದ್ದೆವಲ್ಲ ಎಂದು ನನಗೆ ನಮ್ಮ ಮೇಲೆಯೇ ಸಿಟ್ಟು ಬಂತು.

ಭಾಸ್ಕರ ಡಿಸ್ಕನ್ನು ಬಿಚ್ಚಿ ತೆಗೆದ. ಒಂದು ಸೋಪಿನ ಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಕೈಯಲ್ಲಿ ಹಿಡಿದರೆ ಭಾರ. ವೆಂಕಟ್ರಮಣಣ್ಣ ತನ್ನ ಚೀಲದಿಂದ ಒಂದು ಜೋಡುತಂತಿ ತೆಗೆದು ಅದನ್ನು ಲ್ಯಾಪ್‌ಟಾಪಿಗೆ ಸೇರಿಸಿದ. ಡಿಸ್ಕ್ ತಿರುಗತೊಡಗಿತು. ನಾಗಮ್ಮ ಕುರ್ಚಿಯಿಂದ ಮುಂದೆ ಬಾಗಿದರು. ಟಕ್, ಟಕ್, ಟಕ್ ಎಂದಿತು. ಆ ಸದ್ದು ನಮಗೆ ಮೂವರಿಗೂ ಗೊತ್ತು. ಒಳಗಿನ ಸೂಜಿ ಜಾಗ ಸಿಗದೆ ಒದ್ದಾಡುವ ಸದ್ದು. ಭಾಸ್ಕರ ಇನ್ನೊಮ್ಮೆ ಹಾಕಿ ನೋಡಿದ, ಅದೇ ಟಕ್ ಟಕ್. ಮೂರನೆಯ ಸಲ ಹಾಕಲು ಹೋದಾಗ ನಾನು ತಂತಿಯನ್ನು ಕಿತ್ತುಕೊಂಡೆ.

"ಅದು ಅವ್ನ ಸ್ವರವಾ?" ಎಂದು ನಾಗಮ್ಮ ಕೇಳಿದರು. ಅಲ್ಲ ಅಮ್ಮಾ ಎಂದೆ.

ಇಂಥ ಡಿಸ್ಕುಗಳನ್ನು ಬಿಚ್ಚಿ ಒಳಗಿದ್ದದ್ದನ್ನು ತೆಗೆದುಕೊಡುವವರು ಬೆಂಗಳೂರಿನಲ್ಲಿದ್ದಾರೆ. ಒಬ್ಬನ ನಂಬರು ಹುಡುಕಿ ಅಲ್ಲೇ ಫೋನು ಮಾಡಿದೆ. ಪುಣ್ಯಕ್ಕೆ ಎತ್ತಿದ. ಇನ್ನು ಕರೆಂಟು ಕೊಡಲೇಬೇಡಿ, ಒಣಗಿದ ಕವರಿನಲ್ಲಿ ಸುತ್ತಿ ಕಳಿಸಿ, ಒಳಗಿನ ತಟ್ಟೆ ಸರಿ ಇದ್ದರೆ ಬಹುತೇಕ ಬರುತ್ತದೆ ಎಂದ. ಆದರೆ ಹಬ್ಬ ಮುಗಿಸಿ ಕಳಿಸಿ, ಅಲ್ಲಿಯತನಕ ಬಾಗಿಲು ಹಾಕಿರುತ್ತೇವೆ ಎಂದೂ ಹೇಳಿದ. ನಾನು ಅದನ್ನು ನಾಗಮ್ಮನಿಗೆ ಬಿಡಿಸಿ ಹೇಳಿದೆ. ಬರುತ್ತದೆ ಎಂಬುದೊಂದೇ ಅವರಿಗೆ ಕೇಳಿಸಿತೆಂದು ಕಾಣುತ್ತದೆ. ಮುಖ ಅರಳಿತು.

ಅಲ್ಲಿಗೆ ನಿಲ್ಲಿಸಿದ್ದರೆ! ಆದರೆ ನಾಗಮ್ಮ ಹೊರಡುವ ಬಸ್ಸಿಗೆ ಹೊತ್ತಿತ್ತು, ಚಾ ಬಂತು, ಚಾದ ಹಿಂದೆಯೇ ಹಳೆಯ ಮಾತೂ ಬಂತು. ಮಗನ ಸುದ್ದಿ ಹೇಳಿ ಎಂದು ಅವರೇ ಕೇಳಿದರು. ನಾವೂ ಇಪ್ಪತ್ತು ವರ್ಷ ಬಾಯಿಗೆ ಬೀಗ ಹಾಕಿಕೊಂಡವರು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರು.

ಭಾಸ್ಕರ ಶುರು ಮಾಡಿದ. "ಹೊನ್ನಾವರದಾಗೆ ಒಂದು ಸಂಘದ ಕಂಪ್ಯೂಟರು ಅಮ್ಮಾ. ಮಾರ್ಚ್ ತಿಂಗ್ಳು. ಇಡೀ ವರ್ಷದ ಲೆಕ್ಕ ಅದ್ರಾಗೆ. ಬೆಳಿಗ್ಗೆ ನೋಡಿರೆ ಡಿಸ್ಕು ಸತ್ತಿದ್ದು. ಹೀಗೇ ಟಕ್ ಟಕ್. ಕಾರ್ಯದರ್ಶಿ ತಲೆ ಮೇಲೆ ಕೈ ಹೊತ್ಕಂಡು ಕೂತ. ನಾವೂ ಕೈ ಬಿಟ್ವು. ನಿಮ್ಮ ಮಗ ಎಂತ ಮಾಡ್ದ ಗೊತ್ತದ್ಯಾ? ಆ ಡಿಸ್ಕು ಹಿಡ್ಕಂಡು ಓಡ್ದ, ಎದುರಿನ ಐಸ್‌ಕ್ರೀಮ್ ಅಂಗಡಿಗೆ! ಫ್ರಿಜ್ಜಿನಾಗೆ ಇಡು ಅಂದ!"

"ಅಂಗಡಿಯವ ಇವ್ನಿಗೆ ಮಂಡೆ ಸಮ ಇಲ್ಲ ಅಂದ್ಕಂಡಿದ್ದ" ಎಂದು ವೆಂಕಟ್ರಮಣಣ್ಣ ಸೇರಿಸಿದ.

"ಮಧ್ಯಾಹ್ನ ತಕಂಡು ಬಂದು ಹಾಕ್ದ ಅಮ್ಮಾ, ಗರ್ರ್ ಅಂತ ತಿರುಗ್ತು! ಸತ್ತದ್ದು ಎದ್ದು ಕೂತಿತು. ಎಲ್ಲಾ ಲೆಕ್ಕ ತೆಗ್ದು ಕೊಟ್ಟ. ಕಾರ್ಯದರ್ಶಿ ಅವ್ನ ಕಾಲಿಗೆ ಬೀಳೂದೊಂದು ಬಾಕಿ."

ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಡೆದದ್ದೂ ನಿಜವೇ. ಒಳಗಿನ ಲೋಹ ತಂಪಿಗೆ ಕುಗ್ಗಿ, ಸಿಕ್ಕಿಕೊಂಡದ್ದು ಕೆಲವೊಮ್ಮೆ ಸಡಿಲಾಗುತ್ತಿತ್ತು. ಆ ಕಾಲದ ಡಿಸ್ಕುಗಳಿಗೆ ಎಷ್ಟೋ ಜನ ಮಾಡುತ್ತಿದ್ದ ಉಪಾಯ, ಹತ್ತರಲ್ಲಿ ಒಂದು ಸಲ ಫಲಿಸುತ್ತಿತ್ತು. ಆದರೆ ಅಜಯ ಅಂದು ಡಿಸ್ಕಿಗೆ ಎರಡು ಮೂರು ಪ್ಲಾಸ್ಟಿಕ್ ಕವರು ಬಿಗಿಯಾಗಿ ಸುತ್ತಿದ್ದ, ಬಾಯಿಗೆ ಟೇಪು ಹಚ್ಚಿದ್ದ, ಒಂದು ಹನಿ ನೀರು ತಾಗಬಾರದು ಎಂದು ಐಸ್‌ಕ್ರೀಮಿನವನಿಗೆ ಹತ್ತು ಸಲ ಹೇಳಿದ್ದ. ಕತೆ ಹೇಳುವಾಗ ಪ್ಲಾಸ್ಟಿಕ್ ಕವರಿನ ಮಾತು ಯಾರು ಹೇಳುತ್ತಾರೆ? ಭಾಸ್ಕರ ಹೇಳಲಿಲ್ಲ, ನಾವೂ ನೆನಪು ಮಾಡಲಿಲ್ಲ.

ನಾಗಮ್ಮ ಚಾದ ಲೋಟ ಕೆಳಗಿಟ್ಟರು. "ಥಂಡಿ ಹಿಡಿಸಿರೆ ಇದ್ಕೆ ಜೀವ ಬತ್ತದ್ಯಾ?"

"ಬತ್ತದೆ ಅಮ್ಮಾ! ನಿಮ್ಮ ಮಗನೇ ಮಾಡಿ ತೋರ್ಸಿದ್ದು!" ಎಂದ ಭಾಸ್ಕರ, ಇನ್ನೂ ನಗುತ್ತಲೇ.

ಬಸ್ಸಿಗೆ ಏಳುವಾಗ ಅವರು ಡಿಸ್ಕ್ ಕೇಳಿದರು. "ಹಬ್ಬ ಮುಗಿಯೂ ತನಕ ನನ್ನ ಹತ್ರ ಇರ್ಲಿ ಮಗಾ. ಇಷ್ಟು ವರ್ಷ ಇಲ್ಲಿ ಒಂಟಿ ಬಿದ್ದಿತ್ತು. ನಾಲ್ಕು ದಿವ್ಸ ಮನೆಯಾಗಿರ್ಲಿ." ಬೇಡ ಎನ್ನಲು ನಾವು ಯಾರು? ನಾನೇ ಅದನ್ನು ಕವರಿನಲ್ಲಿ ಸುತ್ತಿ ಕೊಟ್ಟೆ. ಬೀಳಿಸಬೇಡಿ, ಕರೆಂಟಿಗೆ ಹಾಕಬೇಡಿ ಎಂದೆ. ಅವರು ಅದನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೊಟ್ಟೆಗೆ ಒತ್ತಿ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಚೌತಿ ಕಳೆದ ಮೇಲೆ ನಾಗಮ್ಮ ಮತ್ತೆ ಬಂದರು. ಈ ಸಲ ತಲೆಯ ಮೇಲೆ ಒಂದು ಥರ್ಮಾಕೋಲ್ ಪೆಟ್ಟಿಗೆ ಇತ್ತು. ಬಸ್ಸಿನಲ್ಲಿ ಕಂಡಕ್ಟರನೊಡನೆ ಜಗಳವಾಡಿ, ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಲು ಬಿಡದೆ, ತೊಡೆಯ ಮೇಲೆಯೇ ಇಟ್ಟುಕೊಂಡು ತಂದಿದ್ದರಂತೆ. ಕಟ್ಟಡದ ಮಹಡಿ ಆಗಲೇ ಖಾಲಿಯಾಗಿತ್ತು. ಕೊನೆಯ ಬಾರಿ ಬಾಗಿಲು ಹಾಕಿ ಕೀಲಿ ಒಪ್ಪಿಸಲು ಬಂದ ನಾವು ಮೂವರೂ ಅಲ್ಲೇ ಇದ್ದೆವು.

ವೆಂಕಟ್ರಮಣಣ್ಣನ ಮುಖ ಹಿಗ್ಗಿತು. "ಮೀನು ತಂದ್ರಾ ಅಮ್ಮಾ? ಎಂತಕ್ಕೆ ಇಷ್ಟು ತ್ರಾಸು ತಕಂಡ್ರಿ?"

"ಮೀನಲ್ಲ ಮಗಾ. ಅಜಯಂದು."

ಅವರು ಮುಚ್ಚಳ ತೆಗೆದರು. ತುಂಬ ಪುಡಿ ಐಸು. ಅದರ ನಡುವೆ, ಬರಿಯ ಡಿಸ್ಕ್. ಕವರಿಲ್ಲ, ಬಟ್ಟೆಯಿಲ್ಲ. ಲೋಹದ ಅಂಚಿಗೆ ಕೆಂಪು ತುಕ್ಕು ಕೂತಿತ್ತು. ಮೂಲೆಯ ಸ್ಕ್ರೂಗಳ ಸುತ್ತ ಬಿಳಿಯದೇನೋ ಕಟ್ಟಿಕೊಂಡಿತ್ತು.

ನಾಗಮ್ಮ ಸಂಭ್ರಮದಲ್ಲಿದ್ದರು. "ಮೀನಿಗೆ ಹಾಕಿದ ಐಸಲ್ಲ, ದಿನಾ ಬೆಳಿಗ್ಗೆ ಫ್ಯಾಕ್ಟರಿಂದ ಹೊಸಾದು ತಂದು ಹಾಕಿದ್ದೆ. ನಿಮ್ಮ ಕವರು ತೆಗ್ದುಬಿಟ್ಟೆ ಮಾಲಿನಿ. ಕವರಿನಾಗೆ ಇಟ್ರೆ ಬೆವರ್ತದೆ, ಒಳಗೆ ಥಂಡಿ ತಾಗೂದಿಲ್ಲ. ಮೀನಾದ್ರೆ ಒಂದೇ ದಿವ್ಸಕ್ಕೆ ಹಾಳು. ಉಪ್ಪೂ ಹಾಕಿದ್ದೆ, ಉಪ್ಪು ಹಾಕಿರೆ ಐಸಿಗೆ ಥಂಡಿ ಜಾಸ್ತಿ. ಈಗ ಹಾಕಿ ನೋಡು ಬಾಸ್ಕರಾ. ಈಗ ಬತ್ತದೆ."

ಉಪ್ಪು ಹಾಕಿದ ಐಸು. ಐವತ್ತು ವರ್ಷ ಮೀನು ಕಾದ ಕೈ ಅದು. ಯಾವುದು ಕೆಡಬಾರದೋ ಅದನ್ನು ಹೇಗೆ ಇಡಬೇಕೆಂದು ಆ ಕೈಗೆ ಒಂದೇ ದಾರಿ ಗೊತ್ತು. ಮಗನನ್ನು ಅವರು ಅದೇ ದಾರಿಯಲ್ಲಿ ಇಟ್ಟಿದ್ದರು, ಎಲ್ಲಕ್ಕಿಂತ ಒಳ್ಳೆಯ ಮೀನನ್ನು ಇಡುವ ಜಾಗದಲ್ಲಿ. ಡಿಸ್ಕಿನ ಮೈಮೇಲೆ, ಗಾಳಿಯಾಡಲೆಂದು ಒಂದು ಸಣ್ಣ ತೂತು ಇರುತ್ತದೆ. ಅದರ ಮೂಲಕ ಉಪ್ಪುನೀರು ದಿನಗಟ್ಟಲೆ ಒಳಗೆ ಇಳಿದಿತ್ತು. ಭಾಸ್ಕರ ಅದನ್ನು ಎತ್ತಿ ಓರೆ ಮಾಡಿದಾಗ ಒಳಗಿಂದ ನೀರು ಬಂತು.

"ಇವತ್ತು ಹಾಕೂದು ಬೇಡ ಅಮ್ಮಾ" ಎಂದ ಭಾಸ್ಕರ. "ಬೆಂಗಳೂರಿಗೆ ಕಳಿಸ್ತೆ. ಅಲ್ಲಿ ಚಲೋ ಮಾಡಿ ತೆಗೀತಾರೆ."

"ಥಂಡಿ ಬಿಡೂದ್ರೊಳಗೆ ಕಳ್ಸು ಹಂಗಾರೆ" ಎಂದರು ನಾಗಮ್ಮ.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಭಾಸ್ಕರ ಖಾಲಿ ಕೋಣೆಯಲ್ಲಿ ಗೋಡೆಗೆ ಹಣೆ ಹೊಡೆದುಕೊಂಡ. ನನ್ನ ಬಾಯಿ, ನನ್ನ ಹಾಳು ಬಾಯಿ ಎಂದ. ನಾನು ಅವನಿಗೆ ಸಮಾಧಾನ ಹೇಳಲಿಲ್ಲ. ಹೇಳುವ ಮನಸ್ಸಾಗಲಿಲ್ಲ. ನಾವು ಮೂವರೂ ಆ ದಿನ ನಕ್ಕಿದ್ದೆವು.

ಡಿಸ್ಕನ್ನು ಒಣಗಿಸಿ ಬೆಂಗಳೂರಿಗೆ ಕಳಿಸಿದೆವು. ಏನೂ ಉಳಿದಿರಲಾರದೆಂದು ಗೊತ್ತಿದ್ದೂ ಕಳಿಸಿದೆವು. ಕೆಲವು ದಿನ ಬಿಟ್ಟು ಅಲ್ಲಿಯವನ ಫೋನು ಬಂತು. ಒಳಗಿನ ತಟ್ಟೆಯನ್ನು ಉಪ್ಪು ತಿಂದುಹಾಕಿದೆ ಮೇಡಂ, ಇದು ಸಮುದ್ರಕ್ಕೆ ಬಿದ್ದಿತ್ತೇ ಎಂದು ಕೇಳಿದ. ಸೂಜಿ ಮಾತ್ರ ಕೆಟ್ಟದ್ದು, ಒದ್ದೆಯಾಗದೆ ಬಂದಿದ್ದರೆ ಎಲ್ಲವನ್ನೂ ತೆಗೆದುಕೊಡಬಹುದಿತ್ತು ಎಂದೂ ಹೇಳಿದ. ಆ ಕೊನೆಯ ಮಾತನ್ನು ಅವನು ಹೇಳದೇ ಇದ್ದರೆ ಏನಾಗುತ್ತಿತ್ತು! ಲ್ಯಾಬಿನಲ್ಲಿ ಮಕ್ಕಳಿದ್ದರು. ನಾನು ಹೊರಗೆ ಬಂದು ನಲ್ಲಿ ಬಿಟ್ಟು, ಅದರ ಸದ್ದಿನಲ್ಲಿ ಅತ್ತೆ.

ಈ ಸುದ್ದಿಯನ್ನು ಫೋನಿನಲ್ಲಿ ಹೇಳುವ ಹಾಗಿರಲಿಲ್ಲ. ವೆಂಕಟ್ರಮಣಣ್ಣನ ಕಾರಿನಲ್ಲಿ ಮೂವರೂ ಮುರ್ಡೇಶ್ವರಕ್ಕೆ ಹೊರಟೆವು. ಶರಾವತಿಯ ಸೇತುವೆ ದಾಟಿದೆವು. ಆಮೇಲೆ ಭಾಸ್ಕರ, "ಮೊದ್ಲೇ ಹಾಳಾಗಿತ್ತು ಅಂತ ಹೇಳುವಾ. ಐಸಿನ ಸುದ್ದಿ ತೆಗೆಯೂದೇ ಬೇಡ" ಎಂದ. ವೆಂಕಟ್ರಮಣಣ್ಣ ಹೂಂ ಎಂದ. ಎಪ್ಪತ್ತು ದಾಟಿದ ಹೆಂಗಸಿನ ತಲೆಯ ಮೇಲೆ ಇಂಥದ್ದನ್ನು ಹೊರಿಸಲು ನನಗೂ ಮನಸ್ಸಿರಲಿಲ್ಲ.

ನಾಗಮ್ಮ ಮಗಳು ದೇವಿಯ ಜೊತೆ ಇರುತ್ತಾರೆ. ದೇವಿ ಹೋಟೆಲಿನ ಕೆಲಸಕ್ಕೆ ಹೋಗಿದ್ದಳು. ನಾಗಮ್ಮ ಆಗಷ್ಟೇ ಮೀನು ಮಾರಿ ಬಂದು ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದರು. ನಮ್ಮನ್ನು ಕಂಡವರೇ ಎದ್ದು ಕೈ ಒರೆಸಿಕೊಂಡರು. ನಮ್ಮ ಕೈಗಳನ್ನು ನೋಡಿದರು. ಯಾರ ಕೈಯಲ್ಲೂ ಏನೂ ಇರಲಿಲ್ಲ.

"ಬಂತಾ ಸ್ವರ?" ಎಂದರು.

"ಇಲ್ಲ ಅಮ್ಮಾ" ಎಂದ ಭಾಸ್ಕರ. "ಅದು ಮೊದ್ಲೇ ಹೋಗಿತ್ತಂತೆ. ಇಪ್ಪತ್ತು ವರ್ಷ ಆತಲ್ಲಾ, ಒಳಗಿಂದೊಳಗೇ ಸವ್ದು ಹೋಗಿತ್ತಂತೆ. ಯಾರು ಎಂತ ಮಾಡಿರೂ ಬತ್ತಿರ್ಲಿಲ್ಲ."

ನಾಗಮ್ಮ ಅವನನ್ನು ಸ್ವಲ್ಪ ಹೊತ್ತು ನೋಡಿದರು. ಸಿಟ್ಟಿನಿಂದಲ್ಲ. "ಹಾಳಾದ ಮೀನು ಕೊಡುವಾಗ ಹೀಗೇ ಬೇರೆ ಕಡೆ ಕಣ್ಣು ಮಾಡಿ ಮಾತಾಡೂದು ಬಾಸ್ಕರಾ. ನಾನೂ ಎಷ್ಟೋ ಸಲ ಮಾಡಿದ್ದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀ ಹೇಳು ಮಾಲಿನಿ. ಐಸಿಂದ ಹೋತಾ?"

ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವರ ಕಣ್ಣು ನೋಡಿದ ಮೇಲೆ ಅದು ಹೊರಗೆ ಬರಲಿಲ್ಲ. "ಹೌದು ಅಮ್ಮಾ" ಎಂದೆ. "ಉಪ್ಪುನೀರು ಒಳಗೆ ಹೋತು. ತಪ್ಪು ನಮ್ದು. ಅಜಯ ಕವರು ಸುತ್ತಿ ಇಟ್ಟಿದ್ದ, ಅದನ್ನ ನಾವು ಹೇಳ್ಲಿಲ್ಲ."

ಅವರು ನಿಧಾನವಾಗಿ ಕೂತರು. ಎರಡು ಅಂಗೈಗಳನ್ನೂ ಮಡಿಲಿನಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡು ಅವನ್ನೇ ನೋಡಿದರು. "ಆವತ್ತು ಲಾರಿಯವ ಕೊಂದ" ಎಂದರು. "ಈ ಸಲ ನಾನೇ."

"ಅಮ್ಮಾ, ಹಂಗೆಲ್ಲಾ ಹೇಳ್ಬೇಡಿ" ಎಂದು ವೆಂಕಟ್ರಮಣಣ್ಣ ಅವರ ಕಾಲ ಬಳಿ ಕುಸಿದು ಕೂತ. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಬಿಕ್ಕಿದ. ಭಾಸ್ಕರ ಕಂಬಕ್ಕೆ ಒರಗಿ ಬೇರೆ ಕಡೆ ತಿರುಗಿದ. ನಾಗಮ್ಮನೇ ವೆಂಕಟ್ರಮಣಣ್ಣನ ತಲೆಯ ಮೇಲೆ ಕೈಯಿಟ್ಟು ಸುಮ್ಮನಾಗಿಸಿದರು. ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು.

ಆಮೇಲೆ ನಾಗಮ್ಮ ತಲೆ ಎತ್ತಿದರು. ಮುಖದಲ್ಲಿ ಏನೋ ಹೊಳೆದ ಹಾಗಿತ್ತು.

"ನೀವು ಮೂರೂ ಜನ ದಿನಾ ಅವ್ನ ಸಂಗ್ತಿಗೇ ಇದ್ರಿ. ಬೆಳಿಗ್ಗಿಂದ ಸಂಜೆ ತನಕ ಅವ್ನ ಮಾತೇ ಕೇಳಿದ್ರಿ. ನಂಗಿಂತ ಜಾಸ್ತಿ ಕೇಳಿದ್ರಿ. ನಿಮ್ಗೆ ನೆನಪಿರ್ತದೆ. ಅವ್ನು ಅಮ್ಮಾ ಅಂಬೂದು ಹೆಂಗೆ ಅಂತಿದ್ದ? ಒಂದ್ಸಲ ಹೇಳ್ತೋರ್ಸಿ."

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಭಾಸ್ಕರ ಮುಂದೆ ಬಂದ. ಗಂಟಲು ಸರಿಮಾಡಿಕೊಂಡು "ಅಮ್ಮಾ" ಎಂದ. ಅದು ಭಾಸ್ಕರನ ಸ್ವರವೇ ಆಗಿತ್ತು. ಮತ್ತೊಮ್ಮೆ, ಸ್ವಲ್ಪ ಎಳೆದು, "ಅಮ್ಮಾ" ಎಂದ.

"ಅಷ್ಟು ದಪ್ಪ ಅಲ್ಲ" ಎಂದ ವೆಂಕಟ್ರಮಣಣ್ಣ ಕಣ್ಣೊರೆಸಿಕೊಳ್ಳುತ್ತಾ. "ಸಪೂರ ಸ್ವರ ಅವಂದು." ಅವನೂ ಹೇಳಿ ನೋಡಿದ.

"ಸಪೂರ ಎಲ್ಲಿತ್ತು? ಗಂಟ್ಲೊಳಗಿಂದ ಬತ್ತಿತ್ತು."

"ಅಲ್ಲ ಮಾರಾಯಾ."

ನಾಗಮ್ಮ ಒಮ್ಮೆ ಇವನ ಬಾಯಿ, ಒಮ್ಮೆ ಅವನ ಬಾಯಿ ನೋಡುತ್ತಿದ್ದರು. ಪ್ರತಿ ಸಲ "ಅಮ್ಮಾ" ಎಂದಾಗಲೂ ಅವರ ಕತ್ತು ಸ್ವಲ್ಪ ಮುಂದೆ ಬರುತ್ತಿತ್ತು, ಮತ್ತೆ ಹಿಂದೆ ಹೋಗುತ್ತಿತ್ತು. ಕೊನೆಗೆ ಇಬ್ಬರೂ ಸುಮ್ಮನಾದರು. ನಾನು ಕಣ್ಣು ಮುಚ್ಚಿದೆ. ಅಜಯನ ನಗು ಮುಖ ಬಂತು, ಅವನು ಆಡಿದ ಮಾತುಗಳು ಬಂದವು, ವೆಂಕಟ್ರಮಣಣ್ಣನಿಗೆ ಮಾಡಿದ ತಮಾಷೆ ಬಂತು, ಮೈಕು ಹಿಡಿದ ಬೆರಳು ಕೂಡ ಬಂತು. ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು. ಸ್ವರ ಬರಲಿಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ.

"ನಿಂಗೆ ಮಾಲಿನಿ?"

ನಾನು ಇಲ್ಲವೆಂದು ತಲೆಯಲ್ಲಾಡಿಸಿದೆ.

"ಆತು ಬಿಡಿ" ಎಂದರು ನಾಗಮ್ಮ. ಕಂಬ ಹಿಡಿದು ಎದ್ದರು. ನಮಗೆ ಚಾ ಇಡಲೆಂದು ಒಳಗೆ ಹೊರಟವರು ಬಾಗಿಲಲ್ಲಿ ಒಂದು ಗಳಿಗೆ ನಿಂತರು.

"ಹಂಗಾರೆ ಅವ್ನ ಸ್ವರ ಇನ್ನು ಯಾರ ಹತ್ರೂ ಇಲ್ಲ" ಎಂದರು.